ರೋಗ ತಂದವನು ಯಾರು?

(ಚಿಕ್ಕಮಗಳೂರಿನಲ್ಲಿ ಕಾಫಿ ಕ್ಯೂರಿಂಗ್ ಮಿಲ್ಲಿನ ಕಾರ್ಮಿಕರೂ ಸಣ್ಣ ವ್ಯಾಪಾರಿಗಳೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಇವತ್ತು ನಾನು ಕೂಲಿಯ ದರದ ವಿಚಾರ ಮಾತನಾಡುವುದಿಲ್ಲ. ಬೋನಸ್ಸಿನ ವಿಚಾರವನ್ನೂ ಎತ್ತುವುದಿಲ್ಲ. ಇವತ್ತಿನ ನನ್ನ ವಿಷಯ ನಮ್ಮ ನಿಮ್ಮೆಲ್ಲರ ಮೂಗು. ನಗಬೇಡಿ. ಕೊನೆಯವರೆಗೆ ಕೇಳಿ, ಆಮೇಲೆ ಬೇಕಾದರೆ ನಗಿ. ನಾನು ಡಾಕ್ಟರಲ್ಲ. ಮೆಟ್ರಿಕ್ ಪಾಸು ಮಾಡಿ ಕೆಲವು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿದವನು. ತಿಳಿದವರನ್ನು ಕೇಳಿ, ಪುಸ್ತಕ ಓದಿ, ಅರ್ಥವಾದಷ್ಟನ್ನು ನಿಮ್ಮ ಮುಂದಿಡುತ್ತೇನೆ.

ಈ ವಿಷಯವನ್ನೇ ಏಕೆ ಆರಿಸಿಕೊಂಡೆ ಎಂಬುದನ್ನು ಮೊದಲು ಹೇಳುತ್ತೇನೆ. ಮೂಡಿಗೆರೆಯ ಕಡೆ ಒಂದು ಅಂಗಡಿಯ ಮುಂದೆ ನಿಂತಿದ್ದೆ. ಕಾಫಿ ಕೊಯ್ಲಿಗೆ ದೂರದಿಂದ ಬಂದ ನಾಲ್ಕಾರು ಹೆಂಗಸರು ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಅಕ್ಕಿ, ಮೆಣಸಿನಕಾಯಿ ಕೊಳ್ಳಲು ಬಂದರು. ಒಂದು ಮಗು ಕೆಮ್ಮಿತು. ಅಂಗಡಿಯವರು ಕೈ ಬೀಸಿ, "ಅಲ್ಲೇ ನಿಲ್ಲಿ, ಅಲ್ಲೇ ನಿಲ್ಲಿ" ಎಂದರು. ಅವರು ಸಾಮಾನು ಕಟ್ಟಿಸಿಕೊಂಡು ಹೋದ ಮೇಲೆ ನನ್ನ ಕಡೆ ತಿರುಗಿ, "ನೋಡಿ ಮೇಷ್ಟ್ರೇ, ಎಲ್ಲ ಕಾಯಿಲೆಯನ್ನೂ ಇವರೇ ಹೊತ್ತು ತರುತ್ತಾರೆ" ಎಂದರು. ಅವರು ಕೆಟ್ಟ ಮನುಷ್ಯರಲ್ಲ. ಕಷ್ಟಕಾಲದಲ್ಲಿ ಸಾಲ ಕೊಡುವವರು. ಆದರೂ ಆ ಮಾತು ಅವರ ಬಾಯಿಂದ ಬಂತು.

ಅವರ ಮೇಲೆ ನಾನು ಸಿಟ್ಟಾಗಲಿಲ್ಲ. ಸಿಟ್ಟಾಗುವ ಹಕ್ಕು ನನಗಿರಲಿಲ್ಲ. ಅದೇ ಮಾತನ್ನು ಒಂದು ಕಾಲದಲ್ಲಿ ನಾನೂ ಆಡಿದ್ದೆ.

ಆಗ ನಾನು ಕಳಸದ ಕಡೆ ಒಂದು ಸಣ್ಣ ಶಾಲೆಯಲ್ಲಿದ್ದೆ. ಆಷಾಢದ ಮಳೆ. ಅಲ್ಲಿಯ ಮಳೆ ನಿಮಗೆ ಗೊತ್ತೇ ಇದೆ. ಒಮ್ಮೆ ಹಿಡಿದರೆ ವಾರಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ. ಬಯಲುಸೀಮೆಯಿಂದ ಆ ವರ್ಷವೇ ಬಂದು ತೋಟದ ಲೈನಿನಲ್ಲಿ ಸೇರಿದ್ದ ಒಂದು ಕುಟುಂಬವಿತ್ತು. ಅವರ ಹುಡುಗಿ ಎರಡನೆಯ ತರಗತಿಯಲ್ಲಿದ್ದಳು. ಅವಳ ತಮ್ಮ ಇನ್ನೂ ವರ್ಷ ತುಂಬದ ಕೂಸು. ಅದಕ್ಕೆ ಕೆಮ್ಮು ಬಂತು, ಜ್ವರ ಬಂತು, ಮೂರನೆಯ ದಿನ ಉಸಿರು ಮೇಲೆ ಮೇಲೆ ಎಳೆಯತೊಡಗಿತು. ಜೀಪು ಸಿಕ್ಕುವಾಗ ಕತ್ತಲಾಗಿತ್ತು. ದಾರಿಯಲ್ಲೇ ಕೂಸು ಹೋಯಿತು. ನ್ಯುಮೋನಿಯಾ ಎಂದು ಡಾಕ್ಟರು ಹೇಳಿದರಂತೆ. ಯಾವ ಕ್ರಿಮಿಯಿಂದ ಬಂತೆಂದು ಪರೀಕ್ಷೆ ಮಾಡಿದವರಿಲ್ಲ.

ಮಾರನೆಯ ದಿನ ಊರಿನ ನಾಲ್ಕು ಜನ ಶಾಲೆಗೆ ಬಂದರು. "ಆ ಹುಡುಗಿಯನ್ನು ಕೂರಿಸಬೇಡಿ ಮೇಷ್ಟ್ರೇ, ನಮ್ಮ ಮಕ್ಕಳಿಗೂ ಅಂಟುತ್ತದೆ" ಎಂದರು. ನಾನು ಎರಡು ಮಾತು ವಿಚಾರಿಸಲಿಲ್ಲ. ಮೂರು ದಿನ ಬಿಟ್ಟು ಹುಡುಗಿ ಸ್ಲೇಟು ಹಿಡಿದುಕೊಂಡು ಬಂದು ಜಗಲಿಯ ಮೇಲೆ ನಿಂತಳು. "ಹದಿನೈದು ದಿನ ಬರಬೇಡಮ್ಮ" ಎಂದೆ. ಅವಳು ಏಕೆಂದು ಕೇಳಲಿಲ್ಲ. ಹೋದಳು. ಹದಿನೈದು ದಿನದ ಮೇಲೆಯೂ ಬರಲಿಲ್ಲ. ಆ ಕುಟುಂಬ ಲೈನು ಬಿಟ್ಟು ಹೋಯಿತೆಂದು ಆಮೇಲೆ ತಿಳಿಯಿತು.

ನಾನು ಮಾಡಿದ್ದು ಎಷ್ಟು ದೊಡ್ಡ ತಪ್ಪು ಎಂಬುದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಅದನ್ನು ವಿವರಿಸುವುದಕ್ಕೇ ಈ ಭಾಷಣ.

ನ್ಯುಮೋನಿಯಾ ಎಂದರೆ ಶ್ವಾಸಕೋಶಕ್ಕೆ ಬರುವ ಉರಿಯೂತ. ಉಸಿರಾಡುವ ಗಾಳಿ ತುಂಬಬೇಕಾದ ಸಣ್ಣ ಸಣ್ಣ ಚೀಲಗಳಲ್ಲಿ ಕೀವು, ನೀರು ತುಂಬಿಕೊಳ್ಳುತ್ತದೆ. ಅದಕ್ಕೆ ಕಾರಣವಾಗುವ ಕ್ರಿಮಿಗಳು ಹಲವು. ಅವುಗಳಲ್ಲಿ ಬಹಳ ಕಾಲದಿಂದ ಹೆಸರು ಕೆಡಿಸಿಕೊಂಡದ್ದು ನ್ಯುಮೋಕಾಕಸ್ ಎಂಬುದು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎರಡೆರಡು ಕಾಳು ಜೋಡಿಸಿಟ್ಟಂತೆ ಕಾಣುತ್ತದೆ. ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ರಕ್ತಕ್ಕೆ ಸೇರಿದರೆ ರಕ್ತ ನಂಜಾಗುತ್ತದೆ. ಮಿದುಳಿನ ಪೊರೆಗೆ ಮುಟ್ಟಿದರೆ ಮಿದುಳುಜ್ವರ. ಕಿವಿ ಸೋರುವುದಕ್ಕೂ ಎಷ್ಟೋ ಸಲ ಇದೇ ಕಾರಣ. 2015ನೆಯ ಒಂದೇ ವರ್ಷದಲ್ಲಿ ಪ್ರಪಂಚದಲ್ಲಿ ಐದು ವರ್ಷದೊಳಗಿನ ಸುಮಾರು 3 ಲಕ್ಷ ಮಕ್ಕಳು ಈ ಒಂದು ಕ್ರಿಮಿಯಿಂದ ಸತ್ತರೆಂದು ತಜ್ಞರು ಲೆಕ್ಕ ಹಾಕಿದ್ದಾರೆ. ಅವರಲ್ಲಿ ಬಹುಪಾಲು ಬಡದೇಶಗಳ ಮಕ್ಕಳು.

ಇಷ್ಟು ಕೇಳಿದ ಮೇಲೆ ನೀವು ಏನೆಂದುಕೊಳ್ಳುತ್ತೀರಿ? ಇಂಥ ಕ್ರಿಮಿ ರೋಗಿಯ ಮೈಯಲ್ಲಿ ಮಾತ್ರ ಇರುತ್ತದೆ, ರೋಗಿಯನ್ನು ದೂರವಿಟ್ಟರೆ ನಾವು ಬಚಾವು ಎಂದು ತಾನೇ? ನಾನೂ ಹಾಗೆಯೇ ತಿಳಿದಿದ್ದೆ. ಸಂಗತಿ ಹಾಗಿಲ್ಲ. ಈ ಕ್ರಿಮಿಯ ಖಾಯಂ ಬಿಡಾರ ರೋಗಿಯ ಎದೆಯಲ್ಲ. ಆರೋಗ್ಯವಾಗಿ ಓಡಾಡುವವರ ಮೂಗಿನ ಹಿಂಬದಿ, ಗಂಟಲಿನ ಮೇಲ್ಭಾಗ. ಅಲ್ಲಿ ಅದು ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ ಇರುತ್ತದೆ. ಹೊತ್ತವರಿಗೆ ಜ್ವರವಿಲ್ಲ, ನೋವಿಲ್ಲ. ತಾವು ಹೊತ್ತಿದ್ದೇವೆಂಬ ಅರಿವೂ ಇಲ್ಲ. ಕೆಮ್ಮಿದಾಗ, ಸೀನಿದಾಗ, ಮಗುವಿನ ಮೂಗು ಒರೆಸಿದ ಕೈಯನ್ನು ಇನ್ನೊಂದು ಮಗುವಿಗೆ ತಾಗಿಸಿದಾಗ ಅದು ಮುಂದಿನ ಮೂಗಿಗೆ ಹೋಗುತ್ತದೆ. ಅಲ್ಲಿಯೂ ಸುಮ್ಮನೆ ಕೂರುತ್ತದೆ. ಮೈಯೇ ಒಂದು ದಿನ ಅದನ್ನು ಹೊರಗೆ ಹಾಕುತ್ತದೆ. ಆಮೇಲೆ ಇನ್ನೊಂದು ಬಗೆಯದು ಬಂದು ಕೂರುತ್ತದೆ. ನೂರು ಸಲ ಹೀಗಾದರೆ ಬಹುತೇಕ ಎಲ್ಲ ಸಲವೂ ಏನೂ ಆಗುವುದಿಲ್ಲ.

ಇದು ನಾನು ಕಟ್ಟಿ ಹೇಳುವ ಕತೆಯಲ್ಲ. ಈ ಕ್ರಿಮಿಯನ್ನು ಮೊದಲು ಕಂಡದ್ದೇ ಆರೋಗ್ಯವಂತನ ಬಾಯಲ್ಲಿ ಎಂದರೆ ನಂಬುತ್ತೀರಾ? 1880–81ರ ಹೊತ್ತಿಗೆ ಅಮೆರಿಕದ ಸೈನ್ಯದ ಡಾಕ್ಟರು ಜಾರ್ಜ್ ಸ್ಟರ್ನ್‌ಬರ್ಗ್ ಎಂಬವರು ತಮ್ಮ ಬಾಯಿಯ ಎಂಜಲನ್ನು ಮೊಲಗಳಿಗೆ ಚುಚ್ಚಿದರು. ಮೊಲಗಳು ಸತ್ತವು. ಅವುಗಳ ರಕ್ತದಲ್ಲಿ ಈ ಜೋಡಿಕಾಳಿನ ಕ್ರಿಮಿ ಕಂಡಿತು. ಡಾಕ್ಟರ ಮೈಗೆ ಯಾವ ಕಾಯಿಲೆಯೂ ಇರಲಿಲ್ಲ. ಅದೇ ಹೊತ್ತಿಗೆ ಫ್ರಾನ್ಸಿನಲ್ಲಿ ಲೂಯಿ ಪಾಶ್ಚರ್ ಅವರು ಹುಚ್ಚುನಾಯಿ ರೋಗದಿಂದ ಸತ್ತ ಒಂದು ಮಗುವಿನ ಎಂಜಲಿನಲ್ಲಿ ಇದನ್ನೇ ಕಂಡರು. ಮೊದಲು ಅದಕ್ಕೂ ಹುಚ್ಚುನಾಯಿ ರೋಗಕ್ಕೂ ಸಂಬಂಧವಿರಬಹುದೆಂಬ ಸಂಶಯವಿತ್ತು. ಆ ರೋಗವಿಲ್ಲದವರ ಎಂಜಲಿನಲ್ಲಿಯೂ ಅದು ಸಿಕ್ಕಿದಾಗ ಸಂಶಯ ಹೋಯಿತು. ಒಬ್ಬ ದೊಡ್ಡ ವಿಜ್ಞಾನಿಯನ್ನೂ ಕ್ಷಣಕಾಲ ದಾರಿ ತಪ್ಪಿಸಿದ ಕ್ರಿಮಿ ಇದು. ಎಲ್ಲಿ ಸಿಕ್ಕಿತೋ ಅಲ್ಲಿಯೇ ರೋಗದ ಮೂಲ ಎಂದು ತೀರ್ಮಾನಿಸಬಾರದೆಂಬ ಪಾಠ ಅಂದಿನಿಂದಲೇ ಇದೆ.

1915ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಆಸ್ಪತ್ರೆಯಲ್ಲಿ ಏವರಿ ಎಂಬ ವಿಜ್ಞಾನಿಯೂ ಅವರ ಜೊತೆಯವರೂ ಇನ್ನೊಂದು ಹೆಜ್ಜೆ ಮುಂದೆ ಹೋದರು. ನ್ಯುಮೋನಿಯಾ ರೋಗಿಗಳ ಹತ್ತಿರವಿದ್ದವರ, ಆದರೆ ತಾವು ಗಟ್ಟಿಮುಟ್ಟಾಗಿದ್ದವರ ಗಂಟಲು ಪರೀಕ್ಷಿಸಿದರು. ರೋಗಿಯಲ್ಲಿದ್ದ ತಳಿಯ ಕ್ರಿಮಿಯೇ ಅವರ ಬಾಯಲ್ಲಿಯೂ ಸಿಕ್ಕಿತು. ಈ ಕ್ರಿಮಿಯಲ್ಲಿ ತಳಿಗಳು ಬಹಳ. ಅದರ ಮೈಮೇಲೆ ಸಕ್ಕರೆಯ ಜಾತಿಯ ವಸ್ತುವಿನ ಒಂದು ಕವಚವಿದೆ. ಕವಚದ ಬಗೆಯ ಮೇಲೆ ತಳಿ ಗುರುತಿಸುತ್ತಾರೆ. ಈವರೆಗೆ ನೂರಕ್ಕೆ ಕಡಿಮೆಯಿಲ್ಲದಷ್ಟು ತಳಿಗಳನ್ನು ಗುರುತಿಸಿದ್ದಾರೆ. ಕೆಲವು ಸಾಧು, ಕೆಲವು ಬಲು ಪೋಕರಿ.

ಹೊರದೇಶದ ಮಾತಾಯಿತು, ನಮ್ಮ ಕಡೆ ಹೇಗೆ ಎಂದು ಕೇಳುತ್ತೀರಿ. ಬೆಂಗಳೂರಿನ ಕೆಂಪೇಗೌಡ ವೈದ್ಯಕೀಯ ವಿಜ್ಞಾನ ಸಂಸ್ಥೆಯವರು ಐದು ವರ್ಷದೊಳಗಿನ ಆರೋಗ್ಯವಂತ ಮಕ್ಕಳ ಮೂಗಿನ ಹಿಂಬದಿಯನ್ನು ಹತ್ತಿಯ ಕಡ್ಡಿಯಿಂದ ಒರೆಸಿ ಪರೀಕ್ಷಿಸಿದರು. 2014ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಆಡಿಕೊಂಡಿದ್ದ ಆ ಮಕ್ಕಳಲ್ಲಿ ನಾಲ್ವರಿಗೆ ಒಬ್ಬರಿಗಿಂತ ಹೆಚ್ಚು ಮಂದಿಯ ಮೂಗಿನಲ್ಲಿ ಈ ಕ್ರಿಮಿ ಇತ್ತು. ಪಕ್ಕದ ತಮಿಳುನಾಡಿನ ಹಳ್ಳಿಗಳಲ್ಲಿ ಹಸುಗೂಸುಗಳನ್ನು ಪರೀಕ್ಷಿಸಿ 2001ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಎರಡು ತಿಂಗಳು ತುಂಬುವ ಹೊತ್ತಿಗೇ ಅರ್ಧಕ್ಕಿಂತ ಹೆಚ್ಚು ಕೂಸುಗಳ ಮೂಗಿಗೆ ಅದು ಬಂದು ಸೇರಿತ್ತು. ದೊಡ್ಡವರಲ್ಲಿ ಇದು ಮಕ್ಕಳಲ್ಲಿರುವುದಕ್ಕಿಂತ ಬಹಳ ಕಡಿಮೆ. ಆದರೆ ಸಣ್ಣ ಮಕ್ಕಳಿರುವ ಮನೆಯ ದೊಡ್ಡವರಲ್ಲಿ ಸ್ವಲ್ಪ ಹೆಚ್ಚು.

ಈಗ ನನ್ನ ಶಾಲೆಯ ಲೆಕ್ಕ ಮಾಡಿ. ನನ್ನ ಎದುರಿಗೆ ಮೂವತ್ತು ಮಕ್ಕಳು ಕೂರುತ್ತಿದ್ದರು. ಅವರಲ್ಲಿ ಕೆಲವರ ಮೂಗಿನಲ್ಲಿಯಾದರೂ ಆ ಹೊತ್ತಿಗೆ ಈ ಕ್ರಿಮಿ ಇದ್ದೇ ಇದ್ದೀತು. ಊರ ಗೌಡರ ಮೊಮ್ಮಗನಲ್ಲಿ ಇದ್ದಿರಬಹುದು, ಅಂಗಡಿಯವರ ಮಗಳಲ್ಲಿ ಇದ್ದಿರಬಹುದು. ಬಾಗಿಲಲ್ಲಿ ನಿಂತು "ಬರಬೇಡ" ಎಂದ ಮೇಷ್ಟ್ರ ಮೂಗಿನಲ್ಲಿಯೇ ಇದ್ದಿರಲೂ ಬಹುದು. ಹೊರಗೆ ಹಾಕಿದ್ದು ಮಾತ್ರ ಆ ಹುಡುಗಿಯನ್ನು.

ಹಾಗಾದರೆ ಎಲ್ಲರ ಮೂಗಿನಲ್ಲಿಯೂ ಓಡಾಡುವ ಕ್ರಿಮಿ ಲೈನಿನ ಕೂಸನ್ನೇ ಏಕೆ ಕೊಂದಿತು? ನಾವು ಕೇಳಬೇಕಾದ ಪ್ರಶ್ನೆ ಇದು. ಗದ್ದೆಯ ಬದುವಿನಲ್ಲಿ ನೀರು ಯಾವಾಗಲೂ ನಿಂತಿರುತ್ತದೆ. ಬದು ಗಟ್ಟಿಯಿರುವ ತನಕ ಕೆಳಗಿನ ಗದ್ದೆಗೆ ತೊಂದರೆಯಿಲ್ಲ. ಏಡಿ ತೂತು ಕೊರೆದರೆ ಅದೇ ನೀರು ಬದುವನ್ನು ಕೊಚ್ಚಿಕೊಂಡು ಹೋಗುತ್ತದೆ. ಮೈಯ ಬದುವಿಗೆ ತೂತು ಕೊರೆಯುವ ಏಡಿಗಳು ಯಾವುವು?

ಒಂದು, ನೆಗಡಿ, ಫ್ಲೂ ಮೊದಲಾದ ವೈರಸ್ ಜ್ವರಗಳು. ಅವು ಉಸಿರಿನ ದಾರಿಯ ಒಳಪೊರೆಯನ್ನು ಸುಲಿದು ಹಾಕುತ್ತವೆ. ಮೂಗಿನಲ್ಲಿ ತೆಪ್ಪಗಿದ್ದ ಕ್ರಿಮಿಗೆ ಕೆಳಗಿಳಿಯಲು ದಾರಿಯಾಗುತ್ತದೆ. 1918ರ ಇನ್‌ಫ್ಲುಯೆಂಜಾ ಮಾರಿಯಲ್ಲಿ ಸತ್ತವರ ಶ್ವಾಸಕೋಶಗಳನ್ನು ಬಹಳ ವರ್ಷಗಳ ಮೇಲೆ ಮತ್ತೆ ಪರೀಕ್ಷಿಸಿ ನೋಡಿದ ವಿಜ್ಞಾನಿಗಳು, ಬಹುಪಾಲು ಜನ ಸತ್ತದ್ದು ಫ್ಲೂವಿನ ಬೆನ್ನಿಗೆ ಬಂದ ಇಂಥ ಕ್ರಿಮಿಗಳ ನ್ಯುಮೋನಿಯಾದಿಂದ ಎಂದು 2008ರಲ್ಲಿ ಬರೆದರು. ಮೊದಲು ಫ್ಲೂ ಬಾಗಿಲು ಮುರಿಯಿತು. ಗಂಟಲಲ್ಲಿ ಕಾದಿದ್ದ ಕ್ರಿಮಿ ಒಳಗೆ ನುಗ್ಗಿತು.

ಎರಡು, ಹೊಗೆ. ಕಿಟಕಿಯಿಲ್ಲದ ಕೋಣೆಯಲ್ಲಿ ಹಸಿ ಸೌದೆಯ ಒಲೆ. ಮೇಲೆ ಒದ್ದೆ ಕಂಬಳಿ ಒಣಗುತ್ತದೆ, ಕೆಳಗೆ ಕೂಸು ಮಲಗಿರುತ್ತದೆ. ಮನೆಯೊಳಗಿನ ಒಲೆಯ ಹೊಗೆ ಮಕ್ಕಳ ನ್ಯುಮೋನಿಯಾದ ಅಪಾಯವನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ದೊಡ್ಡವರಿಗೆ ಬೀಡಿ, ಸಿಗರೇಟಿನ ಹೊಗೆ ಅಷ್ಟೇ ಕೇಡು. ಇಲ್ಲಿ ಕೂತಿರುವ ಕೆಲವರು ನನ್ನನ್ನು ನೋಡಿ ತಲೆ ತಗ್ಗಿಸಿದರು, ಹೆಸರು ಹೇಳುವುದಿಲ್ಲ.

ಮೂರು, ಹಸಿವು. ಅರೆಹೊಟ್ಟೆಯ ತಾಯಿ, ತೂಕವಿಲ್ಲದೆ ಹುಟ್ಟಿದ ಕೂಸು, ಆರು ತಿಂಗಳು ತುಂಬುವ ಮೊದಲೇ ಎದೆಹಾಲು ತಪ್ಪಿಸಿಕೊಂಡ ಕೂಸು. ತಾಯಿ ಹಾಲು ಬಿಡಿಸುವುದು ತನ್ನ ಇಷ್ಟದಿಂದಲ್ಲ. ಹಣ್ಣು ಕೊಯ್ಯಲು ಹೋಗದಿದ್ದರೆ ಆ ದಿನದ ಕೂಲಿ ಇಲ್ಲ.

ನಾಲ್ಕು, ಕಿಕ್ಕಿರಿದ ವಾಸ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇದರಲ್ಲಿ ಕಾರ್ಮಿಕರ ಚರಿತ್ರೆಯೇ ಅಡಗಿದೆ.

ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಿಗೆ ನೂರು ವರ್ಷಕ್ಕೂ ಹಿಂದೆ ದೂರದ ಉಷ್ಣಪ್ರದೇಶಗಳಿಂದ ಕೂಲಿಗಳನ್ನು ಸಾವಿರಗಟ್ಟಲೆ ತಂದು ತುಂಬುತ್ತಿದ್ದರು. ಸುತ್ತ ಗೋಡೆ ಹಾಕಿದ ಆವರಣ, ಒಳಗೆ ಕೊಟ್ಟಿಗೆಯಂಥ ಕೋಣೆ, ಮೈಗೆ ಮೈ ತಾಗಿಸಿ ಮಲಗಬೇಕು. ಹೊಸದಾಗಿ ಬಂದವರು ಮೊದಲ ಕೆಲವು ತಿಂಗಳಲ್ಲೇ ನ್ಯುಮೋನಿಯಾದಿಂದ ಸಾಲುಸಾಲಾಗಿ ಸಾಯುತ್ತಿದ್ದರು. ಗಣಿಯವರಿಗೆ ಕೂಲಿಗಳು ಸಾಲದೆ ಬಂದಾಗ ಚಿಂತೆ ಹತ್ತಿತು. 1911ರಲ್ಲಿ ಇಂಗ್ಲೆಂಡಿನಿಂದ ಆಲ್ಮ್‌ರಾತ್ ರೈಟ್ ಎಂಬ ಹೆಸರಾಂತ ವಿಜ್ಞಾನಿಯನ್ನು ಕರೆಸಿ ಲಸಿಕೆಯ ಪ್ರಯೋಗ ಮಾಡಿಸಿದರು. ಈ ಕ್ರಿಮಿಯ ವಿರುದ್ಧ ದೊಡ್ಡ ಪ್ರಮಾಣದಲ್ಲಿ ನಡೆದ ಮೊದಲ ಲಸಿಕೆಯ ಪ್ರಯೋಗ ಅದೇ. ಆಗಿನ ಲಸಿಕೆ ಒಳ್ಳೆಯ ಫಲ ಕೊಡಲಿಲ್ಲ. 1913ರಲ್ಲಿ ಸಾವು ತಡೆಯಲಾರದೆ ಆ ಉಷ್ಣಪ್ರದೇಶಗಳಿಂದ ಕೂಲಿ ತರುವುದನ್ನೇ ಅಲ್ಲಿಯ ಸರ್ಕಾರ ನಿಲ್ಲಿಸಿತು.

ಅದೇ ವರ್ಷ ಗಣಿಯವರು ಅಮೆರಿಕದ ಡಾಕ್ಟರು ವಿಲಿಯಂ ಗೋರ್ಗಸ್ ಅವರನ್ನು ಕರೆಸಿದರು. ಇವರು ಪನಾಮಾ ಕಾಲುವೆ ತೋಡುವಾಗ ಅಲ್ಲಿಯ ಆರೋಗ್ಯಾಧಿಕಾರಿಯಾಗಿದ್ದವರು. ಪನಾಮಾದಲ್ಲಿಯೂ ವೆಸ್ಟ್ ಇಂಡೀಸಿನಿಂದ ಬಂದ ಕೂಲಿಗಳನ್ನು ದೊಡ್ಡ ದೊಡ್ಡ ಕೊಟ್ಟಿಗೆಗಳಲ್ಲಿ ತುಂಬಿದ್ದಾಗ ನ್ಯುಮೋನಿಯಾ ಬಲಿ ತೆಗೆದುಕೊಳ್ಳುತ್ತಿತ್ತು. ಕೂಲಿಗಳು ಕೊಟ್ಟಿಗೆ ಬಿಟ್ಟು ಬೇರೆ ಬೇರೆ ಗುಡಿಸಲು ಕಟ್ಟಿಕೊಂಡು ಹೆಂಡಿರು ಮಕ್ಕಳೊಡನೆ ಇರತೊಡಗಿದ ಮೇಲೆ ಸಾವು ಬಹಳ ಇಳಿಯಿತು. ಗೋರ್ಗಸ್ ದಕ್ಷಿಣ ಆಫ್ರಿಕದ ಗಣಿಯವರಿಗೂ ಅದನ್ನೇ ಹೇಳಿದರು: ಮಲಗುವವನಿಗೆ ಜಾಗ ಹೆಚ್ಚು ಕೊಡಿ, ಕೂಲಿಗಳನ್ನು ಒತ್ತೊತ್ತಾಗಿ ತುಂಬಬೇಡಿ.

ಇದರಲ್ಲಿ ನಮಗೆ ಎರಡು ಪಾಠಗಳಿವೆ. ಹೊಸದಾಗಿ ಬಂದವನು ರೋಗ ತಂದವನೆಂದು ಹೇಳುವಂತಿಲ್ಲ. ಹೆಚ್ಚಾಗಿ ಅವನೇ ರೋಗಕ್ಕೆ ಸಿಕ್ಕಿದವನು. ಅವನ ಮೈ ಕಾಣದ ತಳಿಗಳು ಹೊಸ ಜಾಗದಲ್ಲಿ ಅವನನ್ನು ಮುತ್ತುತ್ತವೆ. ಎರಡನೆಯದು, ಕ್ರಿಮಿಯನ್ನು ಹೊತ್ತವನನ್ನು ಅಟ್ಟುವುದರಿಂದ ಸಾವು ಕಡಿಮೆಯಾಗಲಿಲ್ಲ. ಮಲಗಲು ಜಾಗ ಕೊಟ್ಟಾಗ ಕಡಿಮೆಯಾಯಿತು.

ಈಗ ನಮ್ಮ ಗುಡ್ಡಗಳಿಗೆ ಬನ್ನಿ. ನವಂಬರಿನಿಂದ ಕೊಯ್ಲು ಶುರುವಾದರೆ ಬಯಲುಸೀಮೆಯಿಂದ, ತಮಿಳುನಾಡಿನಿಂದ, ಅಸ್ಸಾಮು, ಜಾರ್ಖಂಡಿನಿಂದ ಜನ ಬರುತ್ತಾರೆ. ಒಂದು ಕೋಣೆಯಲ್ಲಿ ಎರಡು ಕುಟುಂಬ ಇರುವ ಲೈನುಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಚ್ಚುಕಟ್ಟಾದ ಮನೆ, ನೀರು, ಹೊಗೆಗೂಡು ಕೊಟ್ಟ ತೋಟಗಳನ್ನೂ ಕಂಡಿದ್ದೇನೆ, ಇಲ್ಲವೆನ್ನಬಾರದು. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯಿದೆ, ತೋಟದ ಮಾಲೀಕರು ಕಾರ್ಮಿಕರಿಗೆ ಮನೆ, ಕುಡಿಯುವ ನೀರು, ವೈದ್ಯಕೀಯ ಅನುಕೂಲ ಒದಗಿಸಬೇಕೆಂದು ವಿಧಿಸಿತು. ಐವತ್ತು ಅಥವಾ ಹೆಚ್ಚು ಹೆಣ್ಣಾಳುಗಳಿರುವಲ್ಲಿ ಕೂಸಿನ ಮನೆ ಇರತಕ್ಕದ್ದೆಂದು ಹೇಳಿತು. ಮುಂದೆ ಆ ಕಾಯಿದೆಯ ವಿಷಯಗಳನ್ನು 2020ರ ಕಾರ್ಮಿಕ ಸಂಹಿತೆಯೊಳಗೆ ಸೇರಿಸಿದರು. ಆ 1951ರ ಕಾಯಿದೆ ತಟ್ಟುತ್ತಿದ್ದದ್ದು ಐದು ಹೆಕ್ಟೇರು ಮತ್ತು ಹದಿನೈದು ಆಳುಗಳ ಮೇಲ್ಪಟ್ಟ ತೋಟಗಳಿಗೆ. ನಮ್ಮ ದೇಶದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿ ಸಣ್ಣವು. ಸಣ್ಣ ಬೆಳೆಗಾರನೂ ಕಷ್ಟದಲ್ಲಿರುವವನೇ. ಅವನನ್ನು ಬೈದು ಲಾಭವಿಲ್ಲ. ಆದರೆ ಅವನ ತೋಟದ ಕೂಲಿಯ ಕೂಸಿಗೆ ಗಾಳಿಬೆಳಕಿನ ಕೋಣೆ ಯಾರು ಕೊಡಬೇಕು? ಪಂಚಾಯಿತಿ ಕೊಡಬೇಕು, ಸರ್ಕಾರ ಕೊಡಬೇಕು. ಇದು ನಾವು ಕೇಳತಕ್ಕ ನ್ಯಾಯ.

ಮನೆಯ ಮಾತಾಯಿತು. ಇನ್ನು ಲಸಿಕೆಯ ಮಾತು.

ಪಾಶ್ಚರ್ ಕಾಲದಲ್ಲಿ ಇಲ್ಲದ ಒಂದು ಆಯುಧ ಈಗ ನಮ್ಮ ಕೈಯಲ್ಲಿದೆ. ನ್ಯುಮೋಕಾಕಸ್ ಲಸಿಕೆ, ಆಸ್ಪತ್ರೆಯಲ್ಲಿ ಪಿ.ಸಿ.ವಿ. ಎನ್ನುತ್ತಾರೆ. ಅತಿ ಪೋಕರಿಯಾದ ಕೆಲವು ತಳಿಗಳ ಕವಚವನ್ನು ಮಗುವಿನ ಮೈಗೆ ಮೊದಲೇ ಪರಿಚಯ ಮಾಡಿಸುತ್ತದೆ. ಆಫ್ರಿಕದ ಗ್ಯಾಂಬಿಯಾ ಎಂಬ ಬಡದೇಶದ ಹಳ್ಳಿಗಳಲ್ಲಿ ಪ್ರಯೋಗ ನಡೆಸಿ 2005ರಲ್ಲಿ ಪ್ರಕಟಿಸಿದರು: ಲಸಿಕೆ ಪಡೆದ ಮಕ್ಕಳಲ್ಲಿ ಎಲ್ಲ ಕಾರಣಗಳ ಸಾವೂ ಸೇರಿ ನೂರಕ್ಕೆ 16ರಷ್ಟು ಇಳಿದಿತ್ತು.

ಇದರಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ ಒಂದಿದೆ. ಅಮೆರಿಕದಲ್ಲಿ 2000ನೆಯ ಇಸವಿಯಿಂದ ಎಳೆಯ ಮಕ್ಕಳಿಗೆ ಈ ಲಸಿಕೆ ಹಾಕತೊಡಗಿದರು. ಕೆಲವು ವರ್ಷ ಕಳೆದಾಗ, ಲಸಿಕೆಯನ್ನೇ ಹಾಕಿಸಿಕೊಳ್ಳದ ಅಜ್ಜ ಅಜ್ಜಿಯರಲ್ಲಿಯೂ ಆ ತಳಿಗಳ ರೋಗ ಇಳಿದುಹೋಗಿತ್ತು. ಹೇಗೆ? ಲಸಿಕೆ ಮಗುವಿನ ಮೂಗಿನಲ್ಲಿ ಆ ತಳಿಗಳು ಬಿಡಾರ ಹೂಡುವುದನ್ನೇ ಕಡಿಮೆ ಮಾಡುತ್ತದೆ. ಮೊಮ್ಮಗುವಿನ ಮೂಗು ಖಾಲಿಯಾದರೆ ಅಜ್ಜಿಗೆ ಮುತ್ತು ಕೊಡುವಾಗ ಕ್ರಿಮಿ ದಾಟುವುದಿಲ್ಲ. ಒಂದು ಮನೆಯ ಮಗುವಿಗೆ ಹಾಕಿದ್ದು ಪಕ್ಕದ ಮನೆಯನ್ನೂ ಕಾಯುತ್ತದೆ. ಲೈನಿನ ಕೂಸಿಗೆ ಹಾಕಿದ ಲಸಿಕೆ ಪೇಟೆಯ ಅಂಗಡಿಯಲ್ಲಿ ಕೂತ ಸಾಹುಕಾರರನ್ನೂ ಕಾಯುತ್ತದೆ. ಕ್ರಿಮಿ ಎಲ್ಲರ ನಡುವೆ ಹಂಚಿಹೋಗಿರುವಾಗ ರಕ್ಷಣೆಯೂ ಎಲ್ಲರಿಗೂ ಹಂಚಿಹೋಗಬೇಕು. ಒಬ್ಬರನ್ನು ಹೊರಗಿಟ್ಟು ಉಳಿದವರು ಸುಖವಾಗಿರುತ್ತೇವೆಂದರೆ ಈ ಕ್ರಿಮಿಯೇ ಒಪ್ಪುವುದಿಲ್ಲ.

ಆದರೆ ಕಾಲದ ಲೆಕ್ಕ ನೋಡಿ. ಅಮೆರಿಕದ ಮಕ್ಕಳಿಗೆ 2000ದಲ್ಲಿ ಸಿಕ್ಕಿತು. ನಮ್ಮ ದೇಶದಲ್ಲಿ ಹಣವಿದ್ದವರು ಖಾಸಗಿ ಆಸ್ಪತ್ರೆಯಲ್ಲಿ ಹಾಕಿಸುತ್ತಿದ್ದರು. ಸರ್ಕಾರದ ಪುಕ್ಕಟೆ ಲಸಿಕೆಯ ಪಟ್ಟಿಗೆ ಅದು ಸೇರಿದ್ದು 2017ರಲ್ಲಿ, ಅದೂ ಮೊದಲು ಉತ್ತರದ ಕೆಲವು ರಾಜ್ಯಗಳಲ್ಲಿ ಮಾತ್ರ. ದೇಶಕ್ಕೆಲ್ಲ ವಿಸ್ತರಿಸಿದ್ದು 2021ರ ಅಕ್ಟೋಬರಿನಲ್ಲಿ. 2020ರ ಕೊನೆಗೆ ಪುಣೆಯ ಸೀರಂ ಇನ್‌ಸ್ಟಿಟ್ಯೂಟಿನಲ್ಲಿ ಹತ್ತು ತಳಿಗಳ ಲಸಿಕೆ ನಮ್ಮ ದೇಶದಲ್ಲೇ ತಯಾರಾಗಿ ಹೊರಬಂದಿತ್ತು. ಇಪ್ಪತ್ತೊಂದು ವರ್ಷ, ಬಂಧುಗಳೇ! ಒಂದು ತಲೆಮಾರಿನ ಮಕ್ಕಳು ಹುಟ್ಟಿ ಬೆಳೆದು ಮದುವೆಯ ವಯಸ್ಸಿಗೆ ಬಂದರು. ಬದುಕಿ ಉಳಿದವರು ಬಂದರು.

ಸಿಕ್ಕಿದ್ದನ್ನು ಈಗ ಬಿಡಬಾರದು. ಕೂಸಿಗೆ ಆರು ವಾರದಲ್ಲಿ ಒಂದು, ಹದಿನಾಲ್ಕು ವಾರದಲ್ಲಿ ಒಂದು, ಒಂಬತ್ತು ತಿಂಗಳಲ್ಲಿ ಒಂದು. ಮೂರು ಸಲ, ಒಂದು ಕಾಸೂ ಇಲ್ಲ. ಅಂಗನವಾಡಿಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ತಾಲ್ಲೂಕು ಆಸ್ಪತ್ರೆಯಲ್ಲಿ ಹಾಕುತ್ತಾರೆ. ಕೊಯ್ಲಿಗೆ ಬಂದವರ ಮಗು ಬೇರೆ ಜಿಲ್ಲೆಯದು, ಬೇರೆ ರಾಜ್ಯದ್ದು ಎಂದು ಹಿಂದಕ್ಕೆ ಕಳುಹಿಸುವಂತಿಲ್ಲ. ಅದರ ಕಾರ್ಡು ತೋರಿಸಿದರೆ ಬಾಕಿಯಿರುವುದನ್ನು ಹಾಕಬೇಕು. ಕಾರ್ಡು ಕಳೆದಿದ್ದರೂ ವಿಚಾರಿಸಿ ಹಾಕಬೇಕು. ಅವರಿಗೆ ಭಾಷೆ ಬರುವುದಿಲ್ಲ, ದಾರಿ ತಿಳಿಯದು. ಆಶಾ ಕಾರ್ಯಕರ್ತೆಗೆ ಅವರ ಲೈನು ತೋರಿಸುವ ಕೆಲಸವನ್ನು ನಾವು ಮಾಡೋಣ. ಲಸಿಕೆಯ ದಿನ ತಾಯಿಯ ಕೂಲಿ ಕತ್ತರಿಸದಂತೆ ಮೇಸ್ತ್ರಿಗೂ ರೈಟರಿಗೂ ಹೇಳೋಣ. ಅರವತ್ತೈದು ದಾಟಿದವರೂ, ಸಕ್ಕರೆ ಕಾಯಿಲೆ, ಉಬ್ಬಸ, ಹೃದಯದ ಕಾಯಿಲೆ ಇರುವವರೂ ತಮಗೆ ಈ ಲಸಿಕೆ ಬೇಕೇ ಎಂದು ಡಾಕ್ಟರನ್ನು ಕೇಳಬೇಕು.

ವ್ಯಾಪಾರಿ ಮಿತ್ರರಿಗೆ, ಅದರಲ್ಲಿಯೂ ಔಷಧದ ಅಂಗಡಿಯವರಿಗೆ ಒಂದು ಮಾತು. ನೆಗಡಿ ಬಂದವನು "ಒಂದೆರಡು ಗಟ್ಟಿ ಮಾತ್ರೆ ಕೊಡಿ" ಎನ್ನುತ್ತಾನೆ. ಡಾಕ್ಟರ ಚೀಟಿಯಿಲ್ಲದೆ ಆಂಟಿಬಯಾಟಿಕ್ ಮಾತ್ರೆ ನಾಲ್ಕು ಕೊಡುತ್ತೀರಿ. ನೆಗಡಿಯ ವೈರಸ್ಸಿಗೆ ಆ ಮಾತ್ರೆ ತಾಗುವುದಿಲ್ಲ. ಮೂಗಿನಲ್ಲಿ ಸುಮ್ಮನಿದ್ದ ನ್ಯುಮೋಕಾಕಸ್ಸಿಗೆ ಅರೆಬರೆ ತಾಗುತ್ತದೆ. ಬಡಪಾಯಿಗಳು ಸಾಯುತ್ತವೆ, ಗಟ್ಟಿಗಳು ಉಳಿದು ಹೆಚ್ಚುತ್ತವೆ. ಅಷ್ಟೇ ಅಲ್ಲ, ಒಂದು ತಳಿ ಇನ್ನೊಂದರಿಂದ ಗುಣ ಪಡೆದುಕೊಳ್ಳುತ್ತದೆಂದು ಲಂಡನ್ನಿನ ಗ್ರಿಫಿತ್ ಎಂಬವರು 1928ರಲ್ಲೇ ಇದೇ ಕ್ರಿಮಿಯಿಂದ ತೋರಿಸಿದ್ದಾರೆ. ನಮ್ಮ ದೇಶದ ಅನೇಕ ಆಸ್ಪತ್ರೆಗಳ ಪರೀಕ್ಷೆಯಲ್ಲಿ, ಒಂದು ಕಾಲಕ್ಕೆ ಮಕ್ಕಳ ನ್ಯುಮೋನಿಯಾಕ್ಕೆ ಎಲ್ಲೆಡೆ ಕೊಡುತ್ತಿದ್ದ ಕೋಟ್ರಿಮಾಕ್ಸಜೋಲ್ ಈ ಕ್ರಿಮಿಗೆ ಹೆಚ್ಚಾಗಿ ನಾಟದೆ ಹೋಗಿದೆ. ನೀವು ಇವತ್ತು ಮಾರಿದ ಎರಡು ರೂಪಾಯಿಯ ಮಾತ್ರೆ ನಾಳೆ ನಿಮ್ಮದೇ ಮಗುವಿಗೆ ಬೇಕಾದಾಗ ಕೆಲಸ ಮಾಡದಿದ್ದರೆ ಯಾರನ್ನು ಕೇಳುತ್ತೀರಿ? ಕ್ರಿಮಿ ಮೂಗಿನಲ್ಲಿದೆಯೆಂದು ಹೆದರಿ ಆರೋಗ್ಯವಂತರು ಮಾತ್ರೆ ನುಂಗಬೇಕಾಗಿಲ್ಲ. ಕ್ರಿಮಿ ಇದ್ದರೆ ಇರಲಿ. ಮೈಯ ಬದು ಗಟ್ಟಿಯಿರಲಿ.

ಕೊನೆಗೆ ತಾಯಂದಿರಿಗೆ. ಕೆಮ್ಮುವ ಮಕ್ಕಳನ್ನೆಲ್ಲ ಎತ್ತಿಕೊಂಡು ಓಡಬೇಕಾಗಿಲ್ಲ. ಮಗು ಅಳದೆ ಸುಮ್ಮನಿರುವಾಗ ಅಂಗಿ ಎತ್ತಿ, ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದವರೆಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರೆಗೆ 40 ಅಥವಾ ಹೆಚ್ಚು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಉಸಿರೆಳೆಯುವಾಗ ಪಕ್ಕೆಲುಬಿನ ಕೆಳಗೆ ಎದೆ ಒಳಕ್ಕೆ ಸೆಳೆದರೆ, ಮಗು ಹಾಲು ಕುಡಿಯದಿದ್ದರೆ, ಎಬ್ಬಿಸಿದರೂ ಏಳದಿದ್ದರೆ, ತುಟಿ ನೀಲಿಗಟ್ಟಿದರೆ ಎಣಿಸುತ್ತಲೂ ಕೂರಬೇಡಿ, ಹೊರಡಿ. ಹೊಟ್ಟೆಗೆ ಬರೆ ಹಾಕಿಸುವುದು, ಮಂತ್ರ ಹಾಕಿಸಲು ಒಂದು ದಿನ ಕಾಯುವುದು ಬೇಡ. ಬೇಗ ಹೋದರೆ ಇದು ಸಾಧಾರಣ ಔಷಧಕ್ಕೆ ಬಗ್ಗುವ ರೋಗ. ಕಳಸದ ಕಡೆಯ ಮಳೆಗಾಲದಲ್ಲಿ "ಬೇಗ" ಎಂಬ ಮಾತಿಗೆ ರಸ್ತೆ ಬೇಕು, ವಾಹನ ಬೇಕು, ರಾತ್ರಿ ಬಾಗಿಲು ತೆರೆಯುವ ಆಸ್ಪತ್ರೆ ಬೇಕು. ಅದನ್ನು ಕೇಳುವುದಕ್ಕೆ ಸಂಘ ಬೇಕು.

ಬಂಧುಗಳೇ, ರೋಗ ತಂದವನು ಯಾರು ಎಂಬ ಪ್ರಶ್ನೆಯಿಂದ ಆರಂಭಿಸಿದೆ. ಉತ್ತರ ಹೇಳಿ ಮುಗಿಸುತ್ತೇನೆ. ಕ್ರಿಮಿಯನ್ನು ಹೊತ್ತವರು ನಾವೆಲ್ಲರೂ ಸರದಿಯ ಮೇಲೆ. ಅದು ಪಾಪವೂ ಅಲ್ಲ, ಯಾರ ಕುಲದ ಮೇಲೂ ಬರೆದದ್ದಲ್ಲ. ಅದು ಸಾವಾಗುವಂತೆ ಮಾಡಿದ್ದು ಹೊಗೆ ತುಂಬಿದ ಕೋಣೆ, ಅರೆಹೊಟ್ಟೆ, ತಡವಾದ ಜೀಪು, ತಡವಾಗಿ ಬಂದ ಲಸಿಕೆ. ಮನುಷ್ಯರು ಮಾಡಿದ್ದನ್ನು ಮನುಷ್ಯರು ತಿದ್ದಬಹುದು.

ನನ್ನ ಅಂಗಡಿಯ ಮಿತ್ರರು ಈ ಸಭೆಯಲ್ಲಿದ್ದಾರೆ. ಮೊನ್ನೆ ನಾವಿಬ್ಬರೂ ಕೂತು ಈ ವಿಷಯವನ್ನೆಲ್ಲ ಮಾತನಾಡಿದೆವು. ಲಸಿಕೆಯ ದಿನಾಂಕವನ್ನು ಕನ್ನಡದಲ್ಲಿಯೂ ಹಿಂದಿಯಲ್ಲಿಯೂ ಬರೆದು ಅಂಗಡಿಯ ಬಾಗಿಲಿಗೆ ಹಚ್ಚಲು ಅವರು ಒಪ್ಪಿದ್ದಾರೆ. ಇಲ್ಲಿರುವ ಇನ್ನು ಹತ್ತು ಅಂಗಡಿಯವರು ಮುಂದೆ ಬಂದರೆ ಹಾಳೆ ಬರೆದುಕೊಡುವ ಕೆಲಸ ನನ್ನದು. ನನ್ನ ಅಕ್ಷರ ದುಂಡಗಿದೆ. ಮಿಲ್ಲಿನ ಸೋದರಿಯರು ತಮ್ಮ ತಮ್ಮ ಕೇರಿಯಲ್ಲಿ ಮೂರೂ ಲಸಿಕೆ ಆಗದ ಕೂಸುಗಳ ಪಟ್ಟಿ ಮಾಡಿಕೊಡಬೇಕು.

ಸ್ಲೇಟು ಹಿಡಿದು ಜಗಲಿಯಲ್ಲಿ ನಿಂತ ಆ ಹುಡುಗಿ ಈಗ ಎಲ್ಲಿದ್ದಾಳೋ ನನಗೆ ಗೊತ್ತಿಲ್ಲ. ಅವಳಿಗೆ ಈಗ ಮಕ್ಕಳಿರಬಹುದು. ಈ ಕೊಯ್ಲಿಗೆ ಅವಳೇ ಆ ಮಕ್ಕಳನ್ನು ಎತ್ತಿಕೊಂಡು ನಮ್ಮ ಊರಿಗೆ ಬಂದರೂ ಬರಬಹುದು. ಬಂದರೆ, ಯಾವ ಬಾಗಿಲಲ್ಲಿಯೂ ಯಾರೂ ಅವಳಿಗೆ "ಅಲ್ಲೇ ನಿಲ್ಲು" ಎನ್ನದಿರಲಿ.